ಹಲಗೆಯ ಖಾಲಿ ಜಾಗ

ಕಂಪನಿಯೊಂದರ ಪುಟ್ಟ ವಿಮಾನ ರಿಪೇರಿ ಮುಗಿಸಿಕೊಂಡು, ವಿಮಾನಗಳನ್ನು ನಿಲ್ಲಿಸುವ ಹ್ಯಾಂಗರಿನಲ್ಲಿ ಹೊರಡಲು ನಿಂತಿತ್ತು. ಮೇಜಿನ ಮೇಲಿದ್ದ ವಿಮಾನೋದ್ಯಮದ ಪತ್ರಿಕೆ ಅದಕ್ಕೆ ಹೇಳಿತು: "ನಿಶ್ಚಿಂತೆಯಿಂದ ಹೊರಡು. ಇಷ್ಟು ಶಿಸ್ತಿನ ಹ್ಯಾಂಗರ್ ಬೇರೆಲ್ಲೂ ಇಲ್ಲ. ನನ್ನ ಹನ್ನೆರಡನೇ ಪುಟದಲ್ಲಿ ಚಿತ್ರವೇ ಇದೆ."

ಗೋಡೆಯ ಮೇಲೆ ಉಪಕರಣಗಳನ್ನು ತೂಗುಹಾಕುವ ಹಲಗೆಯಿತ್ತು. ಒಂದೊಂದಕ್ಕೂ ಅದರದೇ ಆಕಾರದ ಗುರುತು ಬರೆದಿತ್ತು. "ತಡೆ, ಒಂದು ಸ್ಕ್ರೂಡ್ರೈವರ್ ವಾಪಸ್ಸು ಬಂದಿಲ್ಲ," ಎಂದಿತು ಹಲಗೆ.

"ಚಿತ್ರದಲ್ಲಿ ಇದೆಯಲ್ಲ," ಎಂದಿತು ಪತ್ರಿಕೆ.

"ಚಿತ್ರ ತೆಗೆದ ದಿನ ಯಾರೂ ಕೆಲಸ ಮಾಡಲಿಲ್ಲ. ಎಲ್ಲರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ನಿಂತಿದ್ದರು."

ಹಲಗೆ ತುಂಬದೆ, ವಿಮಾನ ಹಾರಬಹುದೆಂದು ರುಜು ಹಾಕುವ ಪದ್ಧತಿ ಅಲ್ಲಿರಲಿಲ್ಲ. ರುಜು ಹಾಕಲು ಬಂದ ಮೆಕ್ಯಾನಿಕ್ ಫಿಲೋಮಿನಾ ಖಾಲಿ ಜಾಗ ನೋಡಿದಳು, ಪೆನ್ನು ಜೇಬಿಗಿಟ್ಟು ಎಂಜಿನ್ನಿನ ಮುಚ್ಚಳ ಬಿಚ್ಚಿದಳು. ಸ್ಕ್ರೂಡ್ರೈವರ್ ಒಳಗೇ ಬಿದ್ದಿತ್ತು.

"ಸದ್ಯ, ಬದುಕಿಕೊಂಡೆ," ಎಂದಿತು ವಿಮಾನ.

ಪತ್ರಿಕೆ ಗೊಣಗಿತು: "ಇಂಥದ್ದನ್ನೆಲ್ಲ ಬರೆದರೆ ಹ್ಯಾಂಗರಿನ ಮರ್ಯಾದೆ ಏನಾಗಬೇಕು?"

"ಹಲಗೆ ಖಾಲಿಯಿದ್ದಾಗ ಖಾಲಿ ಎನ್ನುತ್ತದೆ," ಎಂದಿತು ವಿಮಾನ. "ಅದಕ್ಕೇ, ಅದು ತುಂಬಿದೆ ಎಂದಾಗ ನಾನು ಹಾರುತ್ತೇನೆ."