ತಡವಾಗಿ ತಿರುಗುತ್ತಿದ್ದ ಬಸ್ಸು

ಗದಗಿನಲ್ಲಿ ಫಕೀರಪ್ಪ ಎಂಬ ಬಸ್ ಡ್ರೈವರ್ ಇದ್ದರು. ಬದುಕಿನ ಬಹುಪಾಲು ಸ್ಟೇರಿಂಗ್ ಹಿಡಿದೇ ಕಳೆದವರು. ನಿವೃತ್ತರಾದ ಮರುವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ಮರಳಿತು, ನಡಿಗೆಯೂ ಮರಳಿತು. ಎಡಗೈ ಮಾತ್ರ ಸೋತೇ ಉಳಿಯಿತು. ಬೆರಳುಗಳಿಗೆ ದಿನಾ ಏನಾದರೂ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರು.

ಮಗಳು ನೀಲಗಂಗಾ ಹೈಸ್ಕೂಲಿನಲ್ಲಿ ಚಿತ್ರಕಲೆ ಟೀಚರ್. ಅವಳಿಗೆ ಕಂಪ್ಯೂಟರ್ ಗೇಮ್‌ಗಳ ಹುಚ್ಚು. ಓಟದ ಆಟಗಳಲ್ಲ, ಕಾಡು ಕೋಟೆಗಳನ್ನು ಸುತ್ತಿ ನೋಡುವ ನಿಧಾನದ ಆಟಗಳು. ಅಪ್ಪನಿಗಾಗಿ ಅವಳು ಬಸ್ ಓಡಿಸುವ ಒಂದು ಗೇಮ್ ಹಾಕಿಸಿದಳು. ಮೇಜಿಗೆ ಸ್ಟೇರಿಂಗ್ ಚಕ್ರ ಜೋಡಿಸಿದಳು. ಕೊಡುವುದಾದರೆ ಒಳ್ಳೆಯದನ್ನೇ ಕೊಡಬೇಕೆಂದು ಚಿತ್ರದ ಗುಣಮಟ್ಟವನ್ನು ಎಷ್ಟು ಏರಿಸಬಹುದೋ ಅಷ್ಟೂ ಏರಿಸಿದಳು. ಘಟ್ಟದ ರಸ್ತೆಯಲ್ಲಿ ಒಂದೊಂದು ಎಲೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಅದನ್ನು ನೋಡಿ ಅವಳಿಗೇ ಕಣ್ಣು ತುಂಬಿತು.

ಫಕೀರಪ್ಪ ಖುಷಿಯಿಂದ ಕೂತರು. ಮೊದಲ ತಿರುವಿನಲ್ಲೇ ಬಸ್ಸು ಕಂದಕಕ್ಕೆ ಬಿತ್ತು. ಮತ್ತೆ ಓಡಿಸಿದರು, ಮತ್ತೆ ಬಿತ್ತು. ಮಗಳು ಕೇಳಿದಾಗ ಚಿತ್ರ ಭಾಳ ಚಂದ ಐತಿ ಎಂದಷ್ಟೇ ಹೇಳಿದರು. ಸ್ವಲ್ಪ ದಿನ ಹೀಗೇ ನಡೆಯಿತು. ಆಮೇಲೆ ಒಂದು ದಿನ ಚಕ್ರದ ಮೇಲೆ ಟವೆಲ್ ಹೊದಿಸಿಬಿಟ್ಟರು. ಬೆರಳಿನ ವ್ಯಾಯಾಮವನ್ನೂ ನಿಲ್ಲಿಸಿದರು.

ಅಪ್ಪನಿಗೆ ಬೇಸರ ಬಂದಿರಬೇಕು ಎಂದುಕೊಂಡಿದ್ದಳು ನೀಲಗಂಗಾ. ವ್ಯಾಯಾಮವೂ ನಿಂತದ್ದು ಕಂಡು ಗಾಬರಿಯಾಗಿ, ಭಾನುವಾರ ಬೆಳಿಗ್ಗೆ ಪಕ್ಕದಲ್ಲಿ ಕೂತು ಕೇಳಿದಳು. ಫಕೀರಪ್ಪ ಟವೆಲ್ ಹೊದಿಸಿದ್ದ ಚಕ್ರದ ಕಡೆ ಬೆರಳು ತೋರಿಸಿದರು.

“ಮಶೀನ್ ಚಲೋ ಐತಿ ನೀಲಾ. ನನ್ನ ಕೈನ ಹೋಗ್ಯಾವ. ಆಟದ ಬಸ್ಸೂ ನನ್ನ ಮಾತ ಕೇಳವಲ್ದು,” ಎಂದರು.

ಇದು ಕೈಯ ಕೆಲಸವಲ್ಲ, ರೂಢಿಯ ಕೆಲಸ, ನೋಡು ನಾನೇ ಓಡಿಸಿ ತೋರಿಸುತ್ತೇನೆ ಎಂದು ಅವಳು ಟವೆಲ್ ತೆಗೆದು ಕೂತಳು. ಫಕೀರಪ್ಪ ಹಿಂದೆ ನಿಂತರು. ಪರದೆಗಿಂತ ಹೆಚ್ಚಾಗಿ ಮಗಳ ಕೈಗಳನ್ನೇ ನೋಡಿದರು. ಕೆಲಸದಲ್ಲಿದ್ದಾಗ ಹೊಸ ಡ್ರೈವರುಗಳಿಗೆ ಕಲಿಸುವಾಗ ಅವರು ನೋಡುತ್ತಿದ್ದದ್ದೂ ಹಾಗೆಯೇ. ತಿರುವು ಬಂತು. ಅವಳು ಚಕ್ರ ತಿರುಗಿಸಿದಳು. ಬಸ್ಸು ಒಂದು ಕ್ಷಣ ನೇರ ಹೋಗಿ, ಆಮೇಲೆ ತಿರುಗಿ, ಕಂದಕಕ್ಕೆ ಬಿತ್ತು.

“ನಿನ್ನ ಕೈ ಬರೋಬ್ಬರಿ ಟೈಮಿಗೆ ತಿರುಗಿದ್ವು,” ಎಂದರು ಫಕೀರಪ್ಪ. “ತಡಾ ಮಾಡಿದ್ದು ಬಸ್ಸು.”

ಹೇಳಿದ ಮೇಲೆ ಅವರೇ ತಮ್ಮ ಎಡಗೈ ನೋಡಿಕೊಂಡರು. ಇಷ್ಟು ದಿನ ಅವರು ಬೈದುಕೊಂಡದ್ದು ಅದನ್ನೇ.

ನೀಲಗಂಗಾಳಿಗೆ ಈಗ ಅರ್ಥವಾಯಿತು. ಅವಳ ಕಂಪ್ಯೂಟರು ಸಾಧಾರಣದ್ದು. ಎಲ್ಲ ಎಲೆಗಳನ್ನೂ ಬರೆದು ಮುಗಿಸುವಷ್ಟರಲ್ಲಿ ಅದಕ್ಕೆ ಸಾಕಾಗುತ್ತಿತ್ತು. ಹಾಗಾಗಿ ಕೈ ತಿರುಗಿದ್ದು ಪರದೆಗೆ ಬರುವಾಗ ತಡವಾಗುತ್ತಿತ್ತು. ಅವಳು ಆಡುತ್ತಿದ್ದ ನಿಧಾನದ ಆಟಗಳಲ್ಲಿ ಇದು ಗೊತ್ತೇ ಆಗಿರಲಿಲ್ಲ. ಇದಕ್ಕೊಂದು ದಾರಿಯೂ ಇತ್ತು. ಕಂಪ್ಯೂಟರು ಮೊದಲು ಚಿಕ್ಕ ಚಿತ್ರವನ್ನು ಬೇಗ ಬರೆಯುತ್ತದೆ. ಆಮೇಲೆ ಬಿಟ್ಟುಹೋದದ್ದನ್ನು ಅಂದಾಜಿನಿಂದ ತುಂಬಿ ಅದನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಇದಕ್ಕೆ ಅಪ್‌ಸ್ಕೇಲಿಂಗ್ ಎನ್ನುತ್ತಾರೆ, ಗೇಮ್‌ನಲ್ಲೇ ಅದಕ್ಕೊಂದು ಬಟನ್ ಇತ್ತು. ಅಂಚುಗಳು ತುಸು ಮೆತ್ತಗಾಗುತ್ತವೆ, ಆದರೆ ಆಟ ಸರಾಗ ಓಡುತ್ತದೆ.

ಚಿತ್ರ ಬರೆಯುವವಳಿಗೆ ಆ ಬಟನ್ ಒತ್ತಲು ಮನಸ್ಸು ಬರಲಿಲ್ಲ. ದೂರದ ಎಲೆಗಳೆಲ್ಲ ಕಲಸಿದಂತೆ ಕಂಡಾವು ಎಂದು ಅಪ್ಪನಿಗೆ ಹೇಳಿದಳು.

“ಡ್ರೈವರ್ ಆದಾಂವ ಎಲಿ ನೋಡಂಗಿಲ್ಲ ನೀಲಾ, ತಿರುವ ನೋಡ್ತಾನ,” ಎಂದರು ಅವರು.

ಅವಳು ಒತ್ತಿದಳು. ಫಕೀರಪ್ಪ ಕೂತರು. ಮೊದಲ ತಿರುವಿನಲ್ಲಿ ಕೈ ತಿರುಗಿತು, ಕೂಡಲೇ ಬಸ್ಸೂ ತಿರುಗಿತು. ಎರಡನೆಯದರಲ್ಲಿ ಎಡಗೈ ತುಸು ಜಾರಿತು, ಬಸ್ಸೂ ಅಷ್ಟೇ ಜಾರಿತು. ಇದು ನನ್ನ ತಪ್ಪು ಎಂದು ನಕ್ಕು, ತಿದ್ದಿಕೊಂಡು ಮುಂದೆ ಹೋದರು. ಘಟ್ಟ ಹತ್ತಿ ಮುಗಿದು ಮೇಲಿನ ನಿಲ್ದಾಣದಲ್ಲಿ ಬಸ್ಸು ನಿಂತಾಗ ಅವರ ಹಣೆಯಲ್ಲಿ ಬೆವರಿತ್ತು.

ಅಂದಿನಿಂದ ಅವರು ದಿನವೂ ಓಡಿಸಿದರು. ಬೆರಳಿನ ವ್ಯಾಯಾಮವನ್ನು ಯಾರೂ ಹೇಳದೆ ಮಾಡತೊಡಗಿದರು. ಕೆಲವು ತಿಂಗಳ ನಂತರ ಒಂದು ಸಂಜೆ, ಅವರು ಘಟ್ಟ ಇಳಿಸುತ್ತಿರುವಾಗ ನೀಲಗಂಗಾ ಚಹಾ ತಂದಳು. ಪರದೆ ನೋಡುತ್ತಲೇ, ಯೋಚಿಸದೆ, ಎಡಗಡೆಯಿಂದ ಲೋಟ ಚಾಚಿದಳು. ಅವರೂ ಯೋಚಿಸದೆ ಎಡಗೈಯಿಂದಲೇ ತಗೊಂಡು ಕುಡಿದರು. ಲೋಟ ಖಾಲಿಯಾದ ಮೇಲೆ ಇಬ್ಬರೂ ಅದನ್ನು ಹಿಡಿದಿದ್ದ ಎಡಗೈಯನ್ನೇ ನೋಡಿದರು.

ನೀತಿ: ಪ್ರೀತಿಯಿಂದ ಕೊಟ್ಟದ್ದು ನಮ್ಮ ಕಣ್ಣಿಗೆ ಚಂದ ಕಂಡರೆ ಸಾಲದು, ಪಡೆದವರ ಕೈಗೆ ಒಗ್ಗಬೇಕು. ಸೋತವರು ತಮ್ಮನ್ನೇ ಬೈದುಕೊಳ್ಳುತ್ತಿದ್ದರೆ, ಒಮ್ಮೆ ಅವರ ಜಾಗದಲ್ಲಿ ಕೂತು ನೋಡಿ.