ಕಬೋರ್ಡಿನ ಹೆಸರು

ಅಡುಗೆಮನೆಯ ಗೋಡೆಹಲಗೆ ಮುರಿದು ಬಿದ್ದಾಗ ಅದರ ಮೇಲಿದ್ದ ಆರು ಚಹಾ ಕಪ್ಪುಗಳಲ್ಲಿ ಐದು ಪುಡಿಯಾದವು. ಉಳಿದೊಂದು ಕಿವಿ ಮುರಿದುಕೊಂಡು, ಬಟ್ಟೆ ತುಂಬಿದ ಕಬೋರ್ಡಿನ ಮುಂದೆ ಬಂದು ನಿಂತಿತು.

“ನನಗೊಂದಿಷ್ಟು ಜಾಗ ಕೊಡುವಿರಾ?”

“ಇದು ಬಟ್ಟೆಗಳ ಮನೆ. ಕಪ್ಪಿಗೆ ಇಲ್ಲೇನು ಕೆಲಸ?” ಎಂದು ಒಳಗಿನಿಂದ ರೇಷ್ಮೆ ಸೀರೆ ಗದರಿತು.

ಕಪ್ಪು ಅಳುಕುತ್ತಲೇ ಹೇಳಿತು: “ಕಬೋರ್ಡಣ್ಣ, ನಿಮ್ಮ ಹೆಸರಿನ ಮೊದಲರ್ಧ ನಾನೇ. ಇಂಗ್ಲಿಷಿನಲ್ಲಿ ಅದನ್ನು ‘ಕಪ್-ಬೋರ್ಡ್’ ಎಂದೇ ಬರೆಯುವುದು; ಬೋರ್ಡ್ ಎಂದರೆ ಹಲಗೆ. ಹಿಂದೆ ಕಪ್ಪುಗಳನ್ನಿಡುವ ಬರಿಯ ಹಲಗೆಗೆ ಈ ಹೆಸರಿತ್ತು. ಬಾಗಿಲೂ ಬಟ್ಟೆಯೂ ಆಮೇಲೆ ಬಂದವು.”

“ಇಷ್ಟು ವರ್ಷ ಈ ಹೆಸರು ಹೊತ್ತಿದ್ದೇನೆ, ಒಮ್ಮೆಯೂ ಅದರ ಅರ್ಥ ಕೇಳಲಿಲ್ಲ. ಒಳಗೆ ಬಾರಪ್ಪ,” ಎಂದು ಕಬೋರ್ಡು ಬಾಗಿಲು ತೆರೆಯಿತು.

ಸೀರೆ ಪಕ್ಕಕ್ಕೆ ಸರಿಯಿತು. “ಇಲ್ಲಿ ಕತ್ತಲಿದೆ, ಹುಷಾರು,” ಎನ್ನುತ್ತ, ಕಪ್ಪು ಉರುಳದಂತೆ ಅದರ ಸುತ್ತ ತನ್ನ ಸೆರಗನ್ನು ಹಾಸಿತು.