ಹಡಗಿನ ತಳದವನು ಕಟ್ಟೆ ಹತ್ತಿದ ಕಥೆ

ಹತ್ತಿರ ಬನ್ನಿ ಮಕ್ಕಳೇ, ಹತ್ತಿರ ಬನ್ನಿ. ಇವತ್ತಿನ ಕಥೆ ಜೋಗುಳ ಅಲ್ಲ. ಕೇಳ್ತಾ ಕೇಳ್ತಾ ನಿಮಗೂ ಸಿಟ್ಟು ಬರುತ್ತೆ. ಬರಲಿ.

ಬೆನ್ನಿಗೆ ಘಟ್ಟ, ಎದುರಿಗೆ ಕಡಲು, ಹಾಗೆ ಒಂದು ರಾಜ್ಯ ಇತ್ತು. ರಾಣಿ ಆಳ್ತಿದ್ದಳು. ಆ ರಾಜ್ಯಕ್ಕೆ ಹಡಗು ನಿಲ್ಲೋ ಒಂದು ದಕ್ಕೆ ಇತ್ತು. ಅರಬ್ಬಿ ಹಡಗು ಬರೋದು, ಗುಜರಾತಿ ಹಡಗು ಬರೋದು. ಮೂಟೆ ಇಳಿಸೋರು, ಮೂಟೆ ಏರಿಸೋರು ಮುನ್ನೂರು ಜನ. ಅವರಲ್ಲಿ ನೂರು ಜನ ಸಿದ್ದಿಗಳು. ಕಪ್ಪು ಮೈ, ಗುಂಗುರು ಕೂದಲು. ಅವರ ಹಿರೀಕರನ್ನು ಎಂದೋ ಕಡಲಾಚೆಯಿಂದ ಹಿಡಿದು ತಂದು ಇಲ್ಲಿ ಮಾರಿದ್ದರು.

ಈ ಹಮಾಲರಿಗೆ ಒಂದು ಕೂಟ ಇತ್ತು. ಕೂಟ ಹುಟ್ಟಿದ್ದೇ ಸಿಟ್ಟಿನಲ್ಲಿ. ಸಾಹುಕಾರರು ಮೂಟೆಯ ಭಾರ ಏರಿಸಿದಾಗ ಮುನ್ನೂರು ಜನ ಕೈಕಟ್ಟಿ ಕೂತರು. ಹದಿನೇಳು ದಿನ ಒಂದು ಮೂಟೆ ಅಲ್ಲಾಡಲಿಲ್ಲ. ಹಸಿವಿಗೆ ಯಾರ ಬಣ್ಣವೂ ಗೊತ್ತಾಗಲಿಲ್ಲ. ಕಡೆಗೆ ಸಾಹುಕಾರರು ಸೋತರು, ಕೂಟ ಗೆದ್ದಿತು.

ಗೆದ್ದ ಮೇಲೆ ಏನಾಯ್ತು? ಒಂದು ಕಲ್ಲಿನ ಕಟ್ಟೆ ಕಟ್ಟಿದರು. ಕಟ್ಟೆ ಮೇಲೆ ಸಿದ್ದಿಯಲ್ಲದ ಹಮಾಲ ಹೊನ್ನಯ್ಯ ಮುಂದಾಳಾಗಿ ಕೂತ. ಪ್ರತಿ ಯುಗಾದಿಗೂ ಮುಂದಾಳಿನ ಆಯ್ಕೆ. ಪ್ರತಿ ಯುಗಾದಿಗೂ ಹೊನ್ನಯ್ಯನೇ. ಒಂಬತ್ತು ವರ್ಷ ಅವನ ಹೆಗಲು ಮೂಟೆ ಕಾಣಲಿಲ್ಲ. ಹಡಗಿನ ಮೇಲಿನ ಅಟ್ಟದಲ್ಲಿ ದುಡಿಯೋ ತನ್ನವರಿಗೆ ಚಪ್ಪರ ಹಾಕಿಸಿದ, ಮಜ್ಜಿಗೆ ಕೊಡಿಸಿದ. ಹಡಗಿನ ತಳಕ್ಕೆ ಮಾತ್ರ ಸಿದ್ದಿಗಳನ್ನೇ ಇಳಿಸಿದ. ಅಲ್ಲಿ ಗಾಳಿ ಇಲ್ಲ, ಬೆಳಕಿಲ್ಲ.

"ಅವರ ಮೈ ಅದಕ್ಕೇ ಆಗಿರೋದು" ಅಂತಿದ್ದ.

ಒಂದು ಬೇಸಿಗೆಯಲ್ಲಿ ಬಾಸ್ತ್ಯಾಂವ ಅನ್ನೋ ಸಿದ್ದಿ ಹಡಗಿನ ತಳದಲ್ಲೇ ಉಸಿರುಗಟ್ಟಿ ಸತ್ತ. ಅವನ ತಮ್ಮ ಮಿಂಗೇಲ ಹೆಣ ಹೊತ್ತು ಏಣಿ ಹತ್ತಿ ಬಂದ. ಕಟ್ಟೆಯ ಮುಂದೆ ಮಲಗಿಸಿದ.

"ಯಜಮಾನ್ರೇ, ಇವತ್ತೊಂದು ದಿನ ಕೆಲಸ ನಿಲ್ಲಿಸಿ."

ಹೊನ್ನಯ್ಯ ಎಲೆಯಡಿಕೆ ಉಗಿದ. "ಒಬ್ಬ ಸತ್ತ ಅಂತ ಹಡಗು ಕಾಯುತ್ತೇನೋ? ಮಣ್ಣು ಮಾಡಿ ಬೇಗ ಬಾ."

ಮಿಂಗೇಲ ಅಣ್ಣನನ್ನು ಮಣ್ಣು ಮಾಡಿ ಬಂದ. ಎದೆಯಲ್ಲಿ ಕೆಂಡ ಇಟ್ಟುಕೊಂಡೇ ಬಂದ.

ಮುಂದಿನ ಯುಗಾದಿಗೆ ಅವನು ಎದ್ದು ನಿಂತ. "ಮುಂದಾಳಿನ ಜಾಗಕ್ಕೆ ನಾನೂ ನಿಲ್ತೀನಿ."

ಹೊನ್ನಯ್ಯ ನಕ್ಕ. "ಮುಂದಾಳು ಅಂದ್ರೆ ಹಡಗಿನವರ ಹತ್ರ ಮಾತಾಡಬೇಕು. ನಿನಗೆ ಅರಬ್ಬಿ ಬರುತ್ತಾ? ಗುಜರಾತಿ ಬರುತ್ತಾ? ಹೋಗು, ಕಲ್ತು ಬಾ."

ಮಿಂಗೇಲ ಹೋದ. ಊಟದ ಹೊತ್ತಿಗೆ ಹಡಗಿನ ಅಡುಗೆಯವರ ಪಕ್ಕ ಕೂತ. ಅವರ ಈರುಳ್ಳಿ ಹೆಚ್ಚಿಕೊಟ್ಟ, ಅವರ ಮಾತು ಕಲಿತ. ವರ್ಷ ಕಳೀತು. ಬಂದು ನಿಂತ.

ಹೊನ್ನಯ್ಯ ಹುಬ್ಬು ಗಂಟಿಕ್ಕಿದ. "ಮಾತು ಬಂದ್ರೆ ಆಯ್ತಾ? ಕೂಟದ ನಲವತ್ತು ಕಟ್ಟಳೆ ಬಾಯಿಗೆ ಬರಬೇಕು. ಹೋಗು, ಕಲ್ತು ಬಾ."

ಮಿಂಗೇಲ ಹೋದ. ಅಟ್ಟದ ಮೇಲೆ ದುಡಿಯೋ ಮುದುಕ ಸುಕ್ರುವಿಗೆ ಕಟ್ಟಳೆ ಗೊತ್ತಿತ್ತು, ಕೂಟ ಮೊದಲು ಕಟ್ಟಿದವರಲ್ಲಿ ಅವನೂ ಒಬ್ಬ. ಸುಕ್ರು ಸಿದ್ದಿಯಲ್ಲ. ಮೊದಮೊದಲು ಅತ್ತಿತ್ತ ನೋಡಿ ಗುಟ್ಟಾಗಿ ಹೇಳಿಕೊಟ್ಟ, ಆಮೇಲೆ ಆ ಗುಟ್ಟಿಗೇ ನಾಚಿಕೆಯಾಗಿ ಎಲ್ಲರೆದುರೇ ಹೇಳಿಕೊಟ್ಟ. ವರ್ಷ ಕಳೀತು. ಮಿಂಗೇಲ ಬಂದು ನಿಂತ.

ಈ ಸಲ ಹೊನ್ನಯ್ಯ ಕಟ್ಟೆಯಿಂದ ಎದ್ದೇಬಿಟ್ಟ. "ಏಯ್, ಮುಂದಾಳಾಗೋನ ಹಿಂದಿನ ಏಳು ತಲೆಮಾರು ಇದೇ ಊರಲ್ಲಿ ಬಾಳಿ, ಇದೇ ಮಣ್ಣಿಗೆ ಹೋಗಿರಬೇಕು. ನೀವು ತೇಲಿ ಬಂದವರು. ನೀರಲ್ಲಿ ಮುಖ ನೋಡ್ಕೋ ಹೋಗು! ಈ ಮುಖ ಕಟ್ಟೆ ಮೇಲೆ ಕೂತ್ರೆ ಸಾಹುಕಾರರು ನಗಲ್ವಾ?"

ಇನ್ನೂರು ಜನ ನಕ್ಕರು. ಹೌದು ಮಕ್ಕಳೇ, ಹದಿನೇಳು ದಿನ ಜೊತೆಗೆ ಹಸಿದವರೇ ನಕ್ಕರು. ಸುಕ್ರು ಒಬ್ಬ ನಗಲಿಲ್ಲ.

ಮಿಂಗೇಲ ಮನೆಗೆ ಬಂದು ಕೊಡಲಿ ತೆಗೆದ. ಹೆಂಡತಿ ಜುಲ್ಯಾನ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ?"

"ಕಟ್ಟೆ ಒಡೀತೀನಿ. ಅವನನ್ನೂ ಒಡೀತೀನಿ."

"ಒಡೆದ್ರೆ ಏನಂತಾರೆ ಗೊತ್ತಾ? ನೋಡಿ, ಇವರು ಇಂಥವರೇ ಅಂತಾರೆ. ನಿನ್ನನ್ನು ಗಲ್ಲಿಗೆ ಹಾಕ್ತಾರೆ, ಆ ಕಟ್ಟೆಗೆ ಹೊಸ ಕಲ್ಲು ಹಾಕ್ತಾರೆ. ಸಿಟ್ಟು ಬಿಡು ಅಂತ ನಾ ಹೇಳಲ್ಲ. ನಂಗೂ ಮೈಯೆಲ್ಲಾ ಉರೀತಿದೆ. ಆದ್ರೆ ಕೊಡಲಿ ಕೆಳಗಿಡು. ತಲೆ ಓಡ್ಸು."

ಮಿಂಗೇಲ ಕೊಡಲಿ ಇಟ್ಟ. ಮೂರು ದಿನ ಯೋಚಿಸಿದ. ನಾಲ್ಕನೇ ದಿನ ಕಟ್ಟೆಯ ಮುಂದೆ ಕೈಮುಗಿದು ನಿಂತ.

"ಯಜಮಾನ್ರೇ, ನನಗೆ ಬುದ್ಧಿ ಬಂತು. ನೀವು ಹೇಳಿದ ಮೂರು ಮಾತೂ ದೊಡ್ಡ ಮಾತು. ಬಾಯಿಮಾತಾದ್ರೆ ನಾಳೆ ನನ್ನಂಥೋನು ಇನ್ನೊಬ್ಬ ಎದ್ದು ವಾದ ಮಾಡ್ತಾನೆ. ಕಲ್ಲಲ್ಲಿ ಕೆತ್ತಿಸಿ, ರಾಣಿಯಮ್ಮನ ಮುದ್ರೆ ಹಾಕಿಸಿ. ಆಗ ಯಾರೂ ಉಸಿರೆತ್ತಲ್ಲ."

ಹೊನ್ನಯ್ಯ ಉಬ್ಬಿಹೋದ. ಕಟ್ಟಳೆ ಇರೋದು ಬೇರೆಯವರಿಗೆ, ತನಗಲ್ಲ ಅಂತ ಇಷ್ಟು ವರ್ಷದಿಂದ ನಂಬಿದ್ದವನಿಗೆ ಇನ್ನೇನು ಹೊಳೆಯುತ್ತೆ? ಕಲ್ಲು ತರಿಸಿ ಮೂರೂ ಕೆತ್ತಿಸಿದ. ಕೊನೆಗೆ ದಪ್ಪಕ್ಷರದಲ್ಲಿ, "ಈ ಮೂರೂ ಇಲ್ಲದವನು ಮುಂದಾಳಲ್ಲ" ಅಂತ ಬರೆಸಿದ.

ಮತ್ತೊಂದು ಯುಗಾದಿ ಬಂತು. ಕಲ್ಲಿಗೆ ಮುದ್ರೆ ಹಾಕೋಕೆ ರಾಣಿಯೇ ಬಂದಳು. ಕಲ್ಲನ್ನು ಓದಿಸಿ ಕೇಳಿದಳು. ತಲೆದೂಗಿ ಮುದ್ರೆ ಒತ್ತಿಸಿದಳು.

ಮಿಂಗೇಲ ಮುಂದೆ ಬಂದ. "ತಾಯಿ, ಮುದ್ರೆ ಬಿತ್ತು. ಇನ್ನು ಈ ಕಲ್ಲು ಎಲ್ಲರಿಗೂ ಒಂದೇ ತಾನೇ?"

"ನನ್ನ ಮುದ್ರೆ ಎಲ್ಲರಿಗೂ ಒಂದೇ."

"ಹಾಗಾದ್ರೆ ಮೊದಲು ಯಜಮಾನ್ರದ್ದೇ ಪರೀಕ್ಷೆ ಆಗಲಿ. ಆಮೇಲೆ ನಂದು."

ಹೊನ್ನಯ್ಯನ ಮುಖ ಸುಣ್ಣದ ಹಾಗೆ ಬಿಳಿಚಿತು.

ರಾಣಿ ಒಬ್ಬ ಅರಬ್ಬಿ ಹಡಗಿನವನನ್ನು ಕರೆದಳು. ಅವನು ಕೈಬೀಸಿ ಏನೋ ಜೋರಾಗಿ ಹೇಳಿದ.

"ಏನಂತೆ ಹೊನ್ನಯ್ಯ?"

"ತಾ... ತಾಯಿ, ನಿಮ್ಮ ರೂಪವನ್ನು ಹೊಗಳ್ತಿದ್ದಾನೆ."

"ಅಲ್ಲ ತಾಯಿ," ಅಂದ ಮಿಂಗೇಲ. "ಏಣಿ ಹಲಗೆ ಕೊಳೆತಿದೆ, ನಿನ್ನೆ ಇಬ್ಬರು ಬಿದ್ದರು, ಮೂರು ಸಲ ಹೇಳಿದ್ರೂ ಈ ಮನುಷ್ಯ ಬರೀ ತಲೆ ಆಡಿಸ್ತಾನೆ ಅಂತಿದ್ದಾನೆ." ಅದನ್ನೇ ಅರಬ್ಬಿಯಲ್ಲಿ ಕೇಳಿದ. ಅರಬ್ಬಿಯವನು ಹೌದು ಹೌದು ಅಂತ ಎದೆ ತಟ್ಟಿಕೊಂಡ.

ಎರಡನೇದು, ನಲವತ್ತು ಕಟ್ಟಳೆ. ಹೊನ್ನಯ್ಯ ಐದಕ್ಕೇ ತಡವರಿಸಿದ. ಮಿಂಗೇಲ ನಲವತ್ತೂ ಹೇಳಿದ. ಹನ್ನೊಂದನೇದನ್ನು ಮಾತ್ರ ಎರಡು ಸಲ ಹೇಳಿದ: "ದಕ್ಕೆಯಲ್ಲಿ ಯಾರೇ ಸತ್ತರೂ ಆ ದಿನ ಕೆಲಸ ನಿಲ್ಲಬೇಕು." ಇನ್ನೂರು ಜನ ನೆಲ ನೋಡಿದರು.

ಮೂರನೇದು, ಏಳು ತಲೆ. ಹೊನ್ನಯ್ಯ ಅಪ್ಪನ ಹೆಸರು ಹೇಳಿದ, ಅಜ್ಜನ ಹೆಸರು ಹೇಳಿದ, ನಿಂತ. ಸುಕ್ರು ಎದ್ದ. "ನಿನ್ನ ಅಜ್ಜ ಎತ್ತು ಹೊಡ್ಕೊಂಡು ಘಟ್ಟ ಇಳಿದು ಬಂದದ್ದು ನಾನು ಕಣ್ಣಾರೆ ಕಂಡಿದ್ದೇನಲ್ಲೋ!"

ಮಿಂಗೇಲ ಬೆರಳು ಮಡಚಿದ. "ನನ್ನಪ್ಪ ಸಾಂತಾನ. ಅವನಪ್ಪ ಜುಜೆ. ಅವನಪ್ಪ ಪೆದ್ರು. ಅವನಪ್ಪ ಇನಾಸ. ಅವನಪ್ಪ ಲುವೀಸ. ಅವನಪ್ಪ ಕಾಯ್ತಾನ. ಏಳನೆಯವನ ಹೆಸರು ಗೊತ್ತಿಲ್ಲ ತಾಯಿ. ಸಂಕೋಲೆ ಹಾಕಿ ಇದೇ ದಕ್ಕೆಯಲ್ಲಿ ಇಳಿಸಿದಾಗ ಯಾರೂ ಅವನ ಹೆಸರು ಕೇಳಲಿಲ್ಲ. ಏಳೂ ಜನ ಇಲ್ಲೇ ಹೊತ್ತರು, ಇಲ್ಲೇ ಸತ್ತರು. ನಾವು ತೇಲಿ ಬಂದವರಲ್ಲ. ಎಳೆದು ತಂದದ್ದು!"



"ಕಲ್ಲಿನ ಪ್ರಕಾರ ಮುಂದಾಳು ನೀನೇ," ಅಂದಳು ರಾಣಿ.

"ಬೇಡ ತಾಯಿ. ಈ ಕಲ್ಲು ಒಡೆಸಿ. ಹೋದ ವರ್ಷ ಬಂದು ಮೂಟೆ ಹೊತ್ತವನಿಗೂ ನಿಲ್ಲೋ ಹಕ್ಕು ಇರಬೇಕು. ನನ್ನನ್ನು ಮುಂದಾಳು ಮಾಡೋದು ಕಲ್ಲಲ್ಲ, ಈ ಮುನ್ನೂರು ಕೈ."

ರಾಣಿ ಹೂಂ ಅಂದಳು. ಸುಕ್ರು ಮೊದಲು ಕೈ ಎತ್ತಿದ. ಸಿದ್ದಿಗಳು ನೂರೂ ಜನ ಎತ್ತಿದರು. ಆಮೇಲೆ ಒಬ್ಬೊಬ್ಬರಾಗಿ ಅಟ್ಟದವರು ಎತ್ತಿದರು. ಎಲ್ಲರೂ ಎತ್ತಲಿಲ್ಲ ಮಕ್ಕಳೇ, ಸುಳ್ಳು ಯಾಕೆ ಹೇಳಲಿ? ಐವತ್ತು ಜನ ಮುಖ ತಿರುಗಿಸಿ ನಿಂತರು. ಉಳಿದ ಕೈ ಸಾಕಾಯ್ತು.

ಮಿಂಗೇಲ ಕಟ್ಟೆ ಹತ್ತಿದ. ಕೂರಲಿಲ್ಲ, ನಿಂತೇ ಮಾತಾಡಿದ. "ಹಡಗಿನ ತಳಕ್ಕೆ ಗಾಳಿಕಿಂಡಿ ಬರೋವರೆಗೂ ಒಂದು ಮೂಟೆ ಅಲ್ಲಾಡಬಾರದು. ಬಂದ ಮೇಲೆ ತಳಕ್ಕೆ ಎಲ್ಲರೂ ಸರದಿ ಮೇಲೆ ಇಳೀಬೇಕು. ನಾನೂ ಇಳೀತೀನಿ."

ಒಂಬತ್ತನೇ ದಿನಕ್ಕೆ ಸಾಹುಕಾರರು ಕಿಂಡಿ ಕೊರೆಸಿದರು. ಹೊನ್ನಯ್ಯನ ಸರದಿ ಬಂದಾಗ ಅವನೂ ಇಳಿದ. ಎರಡು ಮೂಟೆ ಹೊರೋದರೊಳಗೆ ಕಣ್ಣು ಕತ್ತಲೆ ಬಂದು ಕುಸಿದ. ಅವನನ್ನು ಹೊತ್ತು ಏಣಿ ಹತ್ತಿಸಿದವನು ಒಬ್ಬ ಸಿದ್ದಿ. ಹೊನ್ನಯ್ಯ ಆಮೇಲೆ ಅವನನ್ನು ಮುಖ ಎತ್ತಿ ನೋಡಲಿಲ್ಲ.

ನೀತಿ ಏನು ಅಂತೀರಾ? ಕೇಳಿ. ಹೊರೋಕೆ ನಿನ್ನ ಹೆಗಲು ಬೇಕು, ಹಸಿಯೋಕೆ ನಿನ್ನ ಹೊಟ್ಟೆ ಬೇಕು, ಮುಂದೆ ನಿಲ್ಲೋಕೆ ಮಾತ್ರ ನಿನ್ನ ಮುಖ ಬೇಡ ಅನ್ನೋ ಕೂಟ ದುಡಿಯೋರ ಕೂಟ ಅಲ್ಲ. ಅದು ಸಾಹುಕಾರನ ಇನ್ನೊಂದು ಚಾವಟಿ. ಅಂಥ ಕೂಟ ಕಂಡರೆ ಸುಮ್ಮನಿರಬೇಡಿ ಮಕ್ಕಳೇ. ನಗೋರ ಜೊತೆ ನಗಬೇಡಿ. ಎದ್ದು ನಿಲ್ಲಿ.